ಕ್ಲೋರಿನೀಕರಣ: ಕೊರಟಗೆರೆ ಸೀಮೆಯ ಕುಡಿಯುವ ನೀರು

ನೀರಿನಲ್ಲಿ ಅಡಗಿರುವ ಕಾಲರಾ, ವಿಷಮಶೀತಜ್ವರ ಮೊದಲಾದ ವ್ಯಾಧಿಗಳ ಸೂಕ್ಷ್ಮಜೀವಿಗಳನ್ನು ಕ್ಲೋರಿನಿನಿಂದಾಗಲಿ ಅದರ ಸಂಯುಕ್ತಗಳಿಂದಾಗಲಿ ನಾಶಗೊಳಿಸುವ ವಿಧಾನ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ತಾತ್ಕಾಲಿಕೋಪಾಯವಾಗಿ ಬಳಕೆಗೊಂಡ ಈ ಕ್ರಮವು, 1908ರಲ್ಲಿ ಅಮೆರಿಕದ ಜರ್ಸಿ ನಗರದ ಜಲಪೂರೈಕೆಯಲ್ಲಿ ನಿತ್ಯವಿಧಿಯಾಗಿ ನೆಲೆಗೊಂಡು, ಕ್ರಮೇಣ ಲೋಕವ್ಯಾಪಿಯಾಯಿತು.

ಜಯಮಂಗಲಿ, ಸುವರ್ಣಮುಖಿ ನದಿಗಳು ಮಳೆಯನ್ನೇ ನೆಚ್ಚಿ ಹರಿಯುವ ಕೊರಟಗೆರೆ ಸೀಮೆಯಲ್ಲಿ ಜನರು ಬಹುಮಟ್ಟಿಗೆ ಕೊಳವೆಬಾವಿಗಳನ್ನು ಅವಲಂಬಿಸಿದ್ದಾರೆ. ಇಲ್ಲಿನ ಹಳ್ಳಿಗಳಲ್ಲಿ ಕ್ಲೋರಿನೀಕರಣದ ಹೊಣೆ ನೀರು ಬಿಡುವ ಕೆಲಸದವನಾದ ಪಂಚಾಯತಿಯ ನೀರುಗಂಟಿಯದು. ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕಿಳಿದ ಬಳಿಕ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬೆರೆಸಿ, ಕನಿಷ್ಠ ಅರ್ಧ ಗಂಟೆ ಬಿಡತಕ್ಕದ್ದು. ತಿಳಿಯಾದ ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಪುಡಿ ಸಾಕಾಗುವುದಾದರೂ, ಹೊಸಮಳೆಯಿಂದ ಕದಡಿದ ನೀರು ಹೆಚ್ಚು ಕ್ಲೋರಿನನ್ನು ಹೀರಿಕೊಳ್ಳುವುದು. ತೇವ ತಗಲಿದ ಹಳೆಯ ಪುಡಿಯಾದರೋ ಸತ್ತ್ವಹೀನವಾಗಿರುವುದು. ಆದಕಾರಣ ನಲ್ಲಿಯ ನೀರನ್ನು ಪರೀಕ್ಷಿಸಿ, ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಶೇಷವುಳಿದಿದೆಯೆಂದು ನಿಶ್ಚಯಿಸಿಕೊಳ್ಳುವುದೇ ಸರಿಯಾದ ಮಾರ್ಗ. ಇಂಥ ನೀರಿನ ಅಲ್ಪವಾಸನೆಯನ್ನು ದೋಷವೆಂದೆಣಿಸಿ ತೆರೆದ ಬಾವಿಯ ನೀರಿಗೆ ಮೊರೆಹೋಗುವುದು ಶೋಚನೀಯ.

ಆದರೆ ಈ ವಿಧಾನಕ್ಕೆ ಒಂದು ಮಿತಿಯುಂಟು: ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಅಂತರ್ಜಲವನ್ನು ಬಹುಕಾಲದಿಂದ ಬಾಧಿಸುತ್ತಿರುವ ಫ್ಲೋರೈಡನ್ನು ಕ್ಲೋರಿನ್ ಲೇಶಮಾತ್ರವೂ ನಿವಾರಿಸದು, ಕುದಿಸುವುದರಿಂದಲೂ ಅದು ಹೋಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ದೀರ್ಘಕಾಲದಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವುದಾದ್ದರಿಂದ, ಅಂಥ ಗ್ರಾಮಗಳಿಗೆ ಶುದ್ಧ ಕುಡಿಯುವ ನೀರಿನ ಘಟಕವಾಗಲಿ, ದೂರದ ನದೀಜಲವಾಗಲಿ ಅವಶ್ಯ.