ಕಡೆಯ ಪಂಕ್ತಿಯವರ ಭಾವಚಿತ್ರಗಳು

ಭಾವಚಿತ್ರವೆಂಬುದು ಪೂರ್ವದಲ್ಲಿ ಅರಸರಿಗೂ ಶ್ರೀಮಂತರಿಗೂ ಮೀಸಲಾದ ವಸ್ತುವಾಗಿದ್ದಿತು. ಛಾಯಾಗ್ರಹಣವಿದ್ಯೆ ಹುಟ್ಟಿದ ಮೇಲೆ ಸಾಮಾನ್ಯನ ಮುಖಕ್ಕೂ ಪಟದಲ್ಲಿ ಸ್ಥಳವು ದೊರೆಯಿತು. ಆದರೆ ಸಮಾಜವು ತನ್ನ ಮೇರೆಯಿಂದಾಚೆಗೆ ನಿಲ್ಲಿಸಿದ ಜನರ ಮಟ್ಟಿಗೆ ಅದು ಬಹುಕಾಲ ಗೌರವದ ಸ್ಥಳವಾಗಿರಲಿಲ್ಲ. ೧೮೮೦ರ ದಶಕದಲ್ಲಿ ಪ್ಯಾರಿಸ್ ನಗರದ ಪೊಲೀಸ್ ಇಲಾಖೆಯಲ್ಲಿದ್ದ ಬೆರ್ಟಿಯೋಂ ಎಂಬಾತನು ಅಪರಾಧಿಗಳ ಮುಖವನ್ನು ಎದುರಿನಿಂದೊಮ್ಮೆ, ಪಕ್ಕದಿಂದೊಮ್ಮೆ ಪಟದಲ್ಲಿ ಹಿಡಿದು, ಅಂಗಾಂಗಗಳ ಅಳತೆಯೊಡನೆ ದಾಖಲು ಮಾಡುವ ಕ್ರಮವನ್ನು ಬಳಕೆಗೆ ತಂದನು. ನಮ್ಮ ದೇಶದಲ್ಲಿಯೂ ೧೮೬೮ರಿಂದ ೧೮೭೫ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಆಂಗ್ಲ ಸರಕಾರದ ಆಶ್ರಯದಲ್ಲಿ ಹೊರಬಂದು, ನಾನಾ ಜಾತಿಪಂಗಡಗಳ ಪಟಗಳೊಡನೆ ಅವರವರ ಗುಣದೋಷಗಳ ನಿರ್ಣಯವನ್ನೂ ಸಾರಿದವು. ನಿಂತವನು ಯಾರೆಂಬುದಕ್ಕಿಂತ ಅವನು ಯಾವ ಬಗೆಯವನೆಂಬುದೇ ಇಂತಹ ಪಟಗಳಲ್ಲಿ ಮುಖ್ಯ. ಈ ವರ್ಗೀಕರಣದ ಹಂಬಲವನ್ನು ತಾನೂ ಹೊತ್ತು, ಆದರೂ ಬೇರೊಂದು ದೃಷ್ಟಿಯಿಂದ ಮನುಷ್ಯರನ್ನು ನೋಡಿದ ಜರ್ಮನಿಯ ಆಗಸ್ಟ್ ಸ್ಯಾಂಡರನ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಸ್ಯಾಂಡರನು ೧೮೭೬ರಲ್ಲಿ ಹೆರ್ಡಾರ್ಫ್ ಎಂಬ ಗಣಿಯ ಊರಿನಲ್ಲಿ ಬಡಗಿಯೊಬ್ಬನ ಮಗನಾಗಿ ಜನಿಸಿದನು. ಬಾಲ್ಯದಲ್ಲಿ ತಾನೂ ಗಣಿಯಲ್ಲಿ ದುಡಿಯುತ್ತಿದ್ದಾಗ ಅಲ್ಲಿಗೆ ಬಂದ ಛಾಯಾಗ್ರಾಹಕನೊಬ್ಬನಿಗೆ ನೆರವಾಗಿ ಈ ವಿದ್ಯೆಯ ರುಚಿಯನ್ನು ಕಂಡನು. ೧೯೧೦ರಲ್ಲಿ ಕಲೋನ್ ನಗರಕ್ಕೆ ಬಂದು ನೆಲಸಿ, ವೆಸ್ಟರ್‌ವಾಲ್ಡ್ ಸೀಮೆಯ ರೈತರ ಪಟಗಳನ್ನು ತೆಗೆಯಲಾರಂಭಿಸಿದನು. ೧೯೨೦ರ ದಶಕದಲ್ಲಿ ಈ ಕಸುಬಿನೊಳಗಿಂದಲೇ ‘ಇಪ್ಪತ್ತನೆಯ ಶತಮಾನದ ಮನುಷ್ಯರು’ ಎಂಬ ಮಹಾಯೋಜನೆಯು ಮೊಳೆಯಿತು. ಅದರಲ್ಲಿ ಏಳು ವರ್ಗಗಳು: ರೈತರು, ಕುಶಲಕರ್ಮಿಗಳು, ಸ್ತ್ರೀಯರು, ವೃತ್ತಿಯವರು ಮತ್ತು ಅಂತಸ್ತಿನವರು, ಕಲಾವಿದರು, ನಗರದವರು, ಕಟ್ಟಕಡೆಗೆ ‘ಕಡೆಯ ಮನುಷ್ಯರು’. ಸರ್ಕಸ್ಸಿನವರಿಗೂ ಊರೂರು ಅಲೆಯುವವರಿಗೂ ಭಿಕ್ಷುಕರಿಗೂ ನಗರದ ವರ್ಗದಲ್ಲಿ ಸ್ಥಾನ. ಕುರುಡರು, ಬುದ್ಧಿಮಾಂದ್ಯರು, ರೋಗಿಗಳು, ಮೃತರು ಇವರು ಕಡೆಯ ವರ್ಗದವರು.

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ನನ್ನಂಥವನಿಗೆ ಈ ವಿಂಗಡಣೆಯು ಅಪರಿಚಿತವೆನಿಸಲಿಲ್ಲ. ಅಲ್ಲಿಯೂ ಲೋಕವೆಲ್ಲ ವರ್ಗವರ್ಗವಾಗಿ ನಿಂತಿದೆ. ಚಂಡಾಲಾದಿ ಶಬ್ದಗಳು ದ್ವಿತೀಯ ಕಾಂಡದ ಕಟ್ಟಕಡೆಯ ವರ್ಗದಲ್ಲಿ ಬರುತ್ತವೆ. ಆದರೆ ಕುರುಡ, ಕಿವುಡ, ಗೂನ ಮುಂತಾದವರನ್ನು ಹೇಳುವ ಶಬ್ದಗಳು ವರ್ಣಗಳ ವರ್ಗಗಳಿಗಿಂತ ಮೊದಲೇ, ಮನುಷ್ಯವರ್ಗದಲ್ಲಿಯೇ ಸೇರಿವೆ. ಬಾಲ್ಯದಲ್ಲಿ ಶ್ಲೋಕವನ್ನು ಒಪ್ಪಿಸುವ ಆತುರದಲ್ಲಿ ಈ ಎರಡರಲ್ಲಿ ಒಂದನ್ನೂ ನಾನು ಗಮನಿಸಿದವನಲ್ಲ. ‘ಕಡೆಯವರು’ ಎಂದು ಹೆಸರಿಟ್ಟ ದೋಷವು ಸ್ಯಾಂಡರನಲ್ಲಿಯೂ ಉಂಟು. ಅದನ್ನು ಮುಚ್ಚಿಡುವುದು ಸಲ್ಲದು. ಆದರೂ ಅವನ ಕಣ್ಣು ಅವನ ಪಟ್ಟಿಗಿಂತ ಉದಾರವಾಗಿದ್ದಿತು.

ಆ ಔದಾರ್ಯವು ಅವನ ಕ್ರಮದಲ್ಲಿಯೇ ಕಾಣುತ್ತದೆ. ದೊಡ್ಡ ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು, ಗಾಜಿನ ಫಲಕದ ಮೇಲೆ ಬಿಂಬವು ಮೂಡುವವರೆಗೆ ಎದುರಿನವನು ಕೆಲವು ಕ್ಷಣ ಅಲುಗದೆ ನಿಲ್ಲಬೇಕಾಗುತ್ತಿದ್ದಿತು. ಆದಕಾರಣ ಕದ್ದು ಹಿಡಿದ ಪಟವೆಂಬುದಿಲ್ಲ; ನಿಂತವನು ತಾನೇ ತನ್ನ ನಿಲುವನ್ನು ಒಪ್ಪಿಸಿಕೊಳ್ಳುತ್ತಿದ್ದನು. ಮುಖದ ಸುಕ್ಕನ್ನು ತಿದ್ದಿ ಅಳಿಸುವ ಪದ್ಧತಿಯೂ ಅವನಿಗೆ ಒಪ್ಪಿಗೆಯಿರಲಿಲ್ಲ. ೧೯೨೮ರ ಒಂದು ಪಟದಲ್ಲಿ ಸ್ಥೂಲಕಾಯದ ಮಿಠಾಯಿಗಾರನೊಬ್ಬನು ಬಿಳಿಯ ಅಂಗಿಯನ್ನು ತೊಟ್ಟು, ಪಾತ್ರೆಯನ್ನು ಹಿಡಿದು, ನಮ್ಮನ್ನೇ ನೋಡುತ್ತಾನೆ. ಅದೇ ವರ್ಷದ ಇನ್ನೊಂದರಲ್ಲಿ ಕೂಲಿಯಾಳೊಬ್ಬನು ಹೆಗಲ ಮೇಲೆ ಇಟ್ಟಿಗೆಗಳ ಹೊರೆಯನ್ನು ಹೊತ್ತು ಅಷ್ಟೇ ನೆಟ್ಟನೆ ನೋಡುತ್ತಾನೆ. ೧೯೩೦ರ ಸುಮಾರಿನಲ್ಲಿ ಅವನು ಕುರುಡು ಮಕ್ಕಳ ಪಟಗಳನ್ನು ತೆಗೆದಾಗಲೂ ಇದೇ ನೇರವಾದ ಕ್ರಮವನ್ನು ಬಿಡಲಿಲ್ಲ. ಮರುಕಕ್ಕಾಗಿ ಬೇರೆ ಬೆಳಕನ್ನೂ ಕುತೂಹಲಕ್ಕಾಗಿ ಬೇರೆ ಕೋನವನ್ನೂ ಹುಡುಕಲಿಲ್ಲ.

೧೯೨೯ರಲ್ಲಿ ಅರುವತ್ತು ಪಟಗಳ ‘ಕಾಲದ ಮುಖ’ ಎಂಬ ಪುಸ್ತಕವು ಕಾದಂಬರಿಕಾರ ಆಲ್‌ಫ್ರೆಡ್ ಡ್ಯೋಬ್ಲಿನನ ಮುನ್ನುಡಿಯೊಡನೆ ಪ್ರಕಟವಾಯಿತು. ನಾಲ್ಕು ವರ್ಷಗಳೊಳಗೆ ಹಿಟ್ಲರನ ಆಳ್ವಿಕೆ ಬಂದಿತು. ೧೯೩೩ರ ಜುಲೈಯಲ್ಲಿ ಆದ ಶಾಸನವು ವಂಶಾನುಗತವಾದ ಕುರುಡುತನ, ಕಿವುಡುತನ, ಬುದ್ಧಿಮಾಂದ್ಯ ಮುಂತಾದುವುಳ್ಳವರಿಗೆ ಬಲಾತ್ಕಾರದಿಂದ ಸಂತಾನಶಕ್ತಿಯನ್ನು ಕಳೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ೧೯೪೦-೪೧ರಲ್ಲಿ ಚಿಕಿತ್ಸಾಲಯಗಳಿಂದ ಸಾಗಿಸಿ ವಿಷವಾಯುವಿನಿಂದ ಕೊಂದ ರೋಗಿಗಳ ಮತ್ತು ವಿಕಲಾಂಗರ ಸಂಖ್ಯೆಯು ೭೦,೦೦೦ವನ್ನು ಮೀರಿತು. ಸ್ಯಾಂಡರನು ಪಟದೊಳಕ್ಕೆ ಕರೆದುಕೊಂಡಿದ್ದ ಜನರನ್ನು ರಾಜ್ಯವು ಲೋಕದಿಂದಲೇ ಹೊರದೂಡಿತು. ೧೯೩೬ರಲ್ಲಿ ಅವನ ಪುಸ್ತಕದ ಮುದ್ರಣಫಲಕಗಳೂ ನಾಶವಾದುವು.

ಮೇರೆಯು ಒಮ್ಮೆ ಸರಿಯತೊಡಗಿದ ಮೇಲೆ ಅದು ಯಾರ ಹೊಸ್ತಿಲಲ್ಲಿ ನಿಲ್ಲುವುದೆಂದು ಹೇಳುವವರಾರು? ಸ್ಯಾಂಡರನ ಹಿರಿಯ ಮಗ ಎರಿಕ್ ಸಮಾಜವಾದಿ; ೧೯೩೪ರಲ್ಲಿ ಸೆರೆಸಿಕ್ಕಿ ಹತ್ತು ವರ್ಷಗಳ ಶಿಕ್ಷೆಗೆ ಗುರಿಯಾದನು. ಸೆರೆಮನೆಯಲ್ಲಿಯೂ ಅವನು ಸಹಬಂದಿಗಳ ಪಟಗಳನ್ನು ತೆಗೆದನು. ೧೯೩೮ರ ಸುಮಾರಿನಲ್ಲಿ ಕಲೋನಿನ ಯೆಹೂದ್ಯ ಗೃಹಸ್ಥರು ಗುರುತುಪತ್ರಗಳಿಗಾಗಿ ತಂದೆಯ ಬಳಿಗೆ ಬಂದರು. ನಿನ್ನೆಯವರೆಗೆ ಊರಿನ ಗಣ್ಯರಾಗಿದ್ದವರು ಈಗ ಹೊರಗಿನವರು! ಮಗನು ತೆಗೆದ ಬಂದಿಗಳ ಪಟಗಳನ್ನೂ ತಾನು ತೆಗೆದ ಯೆಹೂದ್ಯರ ಪಟಗಳನ್ನೂ ಸ್ಯಾಂಡರನು ಮುಂದೆ ತನ್ನ ಮಹಾಸಂಗ್ರಹದಲ್ಲಿ ಸೇರಿಸಿದನು. ಬಿಡುಗಡೆಯು ಸಮೀಪಿಸಿದ್ದಾಗಲೇ, ೧೯೪೪ರಲ್ಲಿ, ಸಕಾಲದಲ್ಲಿ ಚಿಕಿತ್ಸೆಯಿಲ್ಲದೆ ಎರಿಕ್ ಮೃತನಾದನು. ತಂದೆಯು ಮಗನ ಮೃತಮುಖದ ಅಚ್ಚಿನ ಪಟವನ್ನು ತೆಗೆದು, ಅದನ್ನು ‘ಕಡೆಯ ಮನುಷ್ಯರು’ ಎಂಬ ವರ್ಗದಲ್ಲಿಯೇ ಇರಿಸಿದನು.

೧೯೪೬ರಲ್ಲಿ ನೆಲಮಾಳಿಗೆಗೆ ಬೆಂಕಿ ಬಿದ್ದು ಸಾವಿರಾರು ಮೂಲಫಲಕಗಳು ಸುಟ್ಟುಹೋದುವು. ಹಳ್ಳಿಗೆ ಮೊದಲೇ ಸಾಗಿಸಿದ್ದವು ಉಳಿದುವು. ಸ್ಯಾಂಡರನು ೧೯೬೪ರಲ್ಲಿ ತೀರಿಕೊಂಡನು. ಅವನ ಯೋಜನೆಯು ಏಳು ಸಂಪುಟಗಳಾಗಿ ಪ್ರಕಟವಾದುದು ೨೦೦೨ರಲ್ಲಿ.

ನನ್ನದೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ನಾನು ಉಪಾಧ್ಯಾಯನಾಗಿದ್ದಾಗ ತೆಗೆಸಿದ ತರಗತಿಯ ಭಾವಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲಿದೆ. ಊರುಗೋಲು ಹಿಡಿದು ನಡೆಯುತ್ತಿದ್ದ ಬಾಲಕನೊಬ್ಬನನ್ನು ಆ ದಿನ ನಾನೇ ಕೈಹಿಡಿದು ಹಿಂದಿನ ಸಾಲಿಗೆ ಒಯ್ದು ನಿಲ್ಲಿಸಿದೆನು. ಅವನ ಕಾಲು ಕಾಣದಿರಲೆಂಬುದೇ ನನ್ನ ಎಣಿಕೆ. ಅದನ್ನು ದಯೆಯೆಂದು ಭಾವಿಸಿದ್ದೆನು. ಶಬ್ದರೂಪಗಳನ್ನು ತಪ್ಪದೆ ಒಪ್ಪಿಸುತ್ತಿದ್ದ ಆ ಹುಡುಗನು ಒಂದು ಮಾತನ್ನೂ ಆಡದೆ ಹೋಗಿ ನಿಂತನು. ಪಟದಲ್ಲಿ ಈಗ ಅವನ ಹಣೆ ಮಾತ್ರ ಕಾಣುತ್ತದೆ. ಸ್ಯಾಂಡರನಾಗಿದ್ದರೆ ಅವನನ್ನು ಊರುಗೋಲಿನೊಡನೆ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದನು. ಪಟಕ್ಕೆ ಅದರಿಂದ ಯಾವ ಕೊರತೆಯೂ ಆಗುತ್ತಿರಲಿಲ್ಲ.