ಬಂದೂಕು ಸಿಗುತ್ತದೆ, ಗುಂಡು ಸಿಗಬೇಕಲ್ಲ: 1948ರ ಹೈದರಾಬಾದು

1948ರ ಸೆಪ್ಟೆಂಬರ್ 20. ಹೈದರಾಬಾದಿನ ಸೇನೆ ಸೋತು ಮೂರು ದಿನವಾಗಿತ್ತು. ಆ ಹೊತ್ತಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ನಿಜಾಮ ಸರ್ಕಾರದ ಹಣದಲ್ಲಿ 10,07,940 ಪೌಂಡು 9 ಶಿಲಿಂಗು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಯಿತು. ಕಳಿಸಿದವರು ಹೈದರಾಬಾದಿನ ಹಣಕಾಸು ಮಂತ್ರಿ ಮೊಯಿನ್ ನವಾಜ್ ಜಂಗ್. ಪಡೆದವರು ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹೀಂತೂಲಾ. ನಿಜಾಮ ಹಣ ವಾಪಸು ಕೇಳಿದ, ಬ್ಯಾಂಕು ಯಾರಿಗೂ ಕೊಡದೆ ಇಟ್ಟುಕೊಂಡಿತು. ಬಡ್ಡಿ ಬೆಳೆದು ಸುಮಾರು ಮೂರೂವರೆ ಕೋಟಿ ಪೌಂಡಾದ ಮೇಲೆ, 2019ರ ಅಕ್ಟೋಬರ್ 2ರಂದು, ಲಂಡನ್ನಿನ ಹೈಕೋರ್ಟು ಅದು ನಿಜಾಮನ ವಾರಸುದಾರರು ಮತ್ತು ಭಾರತದ ಕಡೆಗೆ ಸೇರಬೇಕೆಂದು ತೀರ್ಪು ಕೊಟ್ಟಿತು.

ಆ ಮೊಕದ್ದಮೆಯಲ್ಲಿ ಪಾಕಿಸ್ತಾನ ಮುಂದಿಟ್ಟ ವಾದಗಳಲ್ಲಿ ಒಂದು ವಿಚಿತ್ರವಾಗಿತ್ತು. ಹೈದರಾಬಾದಿಗೆ ಶಸ್ತ್ರ ಮುಟ್ಟಿಸಲು ತಾನು ಮಾಡಿದ ಸಹಾಯಕ್ಕೆ ಪ್ರತಿಯಾಗಿ ಬಂದ ಹಣ ಅದು ಎಂಬುದು ಆ ವಾದ. ಅಂದರೆ ಬಂದೂಕಿನ ಬಾಕಿ. ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಇದನ್ನು ಒಪ್ಪಲಿಲ್ಲ. ಹಣ ಬಂದೂಕಿನದಲ್ಲದಿರಬಹುದು. ಬಂದೂಕುಗಳು ಬಂದದ್ದಂತೂ ನಿಜ.

ಕೊಳ್ಳುವವನು ಸಾಮಾನ್ಯನಲ್ಲ. ಮೀರ್ ಉಸ್ಮಾನ್ ಅಲಿ ಖಾನ್ 1937ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದದ್ದೇ ಜಗತ್ತಿನ ಅತಿ ಶ್ರೀಮಂತನೆಂದು. ಮಾಲಿಗೂ ಬರವಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಯುರೋಪಿನ ಉಗ್ರಾಣಗಳಲ್ಲಿ ಬಳಸಿಬಿಟ್ಟ ರೈಫಲ್ಲುಗಳು ಕಟ್ಟಿಗೆಯ ಹಾಗೆ ಪೇರಿಸಿಕೊಂಡು ಬಿದ್ದಿದ್ದವು. ದುಡ್ಡಿರುವವನು ಒಬ್ಬ, ಮಾರುವವರು ಹಲವರು. ಹಾಗಿದ್ದೂ ವ್ಯಾಪಾರ ಕುದುರಲಿಲ್ಲ. ಅದಕ್ಕೆ ಕಾರಣ ತಿಳಿಯಬೇಕಾದರೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹೈದರಾಬಾದಿನ ಅಬಿಡ್ಸಿನ ಪಕ್ಕದಲ್ಲಿ ಗನ್‌ಫೌಂಡ್ರಿ ಎಂಬ ಜಾಗವಿದೆ. ಊರಿನ ಹಳಬರ ಬಾಯಲ್ಲಿ ಅದು ತೋಪ್ ಕಾ ಸಾಂಚಾ. 1795ರ ಸುಮಾರಿಗೆ ಫ್ರೆಂಚ್ ಸೇನಾನಿ ರೇಮಂಡ್ ಎರಡನೆಯ ನಿಜಾಮನಿಗಾಗಿ ಅಲ್ಲಿ ಫಿರಂಗಿ ಎರಕ ಹೊಯ್ಯಿಸುತ್ತಿದ್ದ. ಇಂದಿನ ಮೂಸಾರಾಂಬಾಗಿನ ಹೆಸರು ಅವನದೇ: ಮೊಸ್ಯೂ ರೇಮಂಡ್ ಜನರ ಬಾಯಲ್ಲಿ ಮೂಸಾರಾಮನಾದ. ಅವನು 1798ರ ಮಾರ್ಚಿನಲ್ಲಿ ತೀರಿಕೊಂಡ. ಅದೇ ವರ್ಷ ಇಂಗ್ಲಿಷರು ನಿಜಾಮನ ಜೊತೆ ಒಪ್ಪಂದ ಮಾಡಿಕೊಂಡು, ಫ್ರೆಂಚರು ಕಟ್ಟಿದ್ದ ಸುಮಾರು 14,000 ಜನರ ಪಡೆಯನ್ನು ಬರ್ಖಾಸ್ತು ಮಾಡಿಸಿದರು. ಅಲ್ಲಿಂದ ಮುಂದೆ ನಿಜಾಮನಿಗೆ ಆಯುಧ ಬೇಕಾದರೆ ಇನ್ನೊಬ್ಬರ ಮುಖ ನೋಡುವ ಸ್ಥಿತಿ ಬಂತು.

ಮುಖ ನೋಡಿಸಿಕೊಳ್ಳುವವರು 1857ರ ನಂತರ ಇನ್ನಷ್ಟು ಎಚ್ಚರವಾದರು. ಆ ವರ್ಷದ ನಿಶ್ಶಸ್ತ್ರೀಕರಣದ ಕಾಯಿದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿಬಿದ್ದದ್ದು, ಗಲ್ಲಿಗೇರಿದ್ದು ಕನ್ನಡಿಗರಿಗೆ ಗೊತ್ತಿರುವ ಕಥೆಯೇ. ಕಡಿಮೆ ಗೊತ್ತಿರುವುದು ಸರ್ಕಾರದ ಸ್ವಂತ ಸಿಪಾಯಿಗಳ ಕಥೆ. ದಂಗೆಯ ಮೇಲೆ ದೇಶೀ ಸಿಪಾಯಿಗಳಿಗೆಂದು ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕೊರೆದು ತೆಗೆದು ನುಣುಪು ಮಾಡಿದರು. ಹೊರಗಿನಿಂದ ಅದೇ ಬಂದೂಕು, ಆದರೆ ಗುರಿ ಅರ್ಧಕ್ಕೆ ಸತ್ತಿತು. ಬಿಳಿಯ ಸೈನಿಕನಿಗೆ ಹಿಂಬದಿಯಿಂದ ತುಂಬುವ ಸ್ನೈಡರ್ ಬಂದಾಗ ದೇಶೀಯರಿಗೆ ಹಳೆ ಎನ್‌ಫೀಲ್ಡ್, ಅವನಿಗೆ ಮಾರ್ಟಿನಿ-ಹೆನ್ರಿ ಬಂದಾಗ ಇವರಿಗೆ ಸ್ನೈಡರ್, ಅವನಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವರಿಗೆ ಮಾರ್ಟಿನಿ. ಅಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ. ಸಂಸ್ಥಾನಗಳ ಪಡೆಗಳು ಈ ಸಾಲಿನಲ್ಲಿ ಇನ್ನೂ ಹಿಂದೆ ನಿಂತಿದ್ದವು.

ಹಳೆ ಮಾರ್ಟಿನಿಗಳು ಕೈಯಿಂದ ಕೈಗೆ ಹೋಗಿ ಎಲ್ಲೆಲ್ಲೋ ಸೇರಿದ್ದರಿಂದ ಸರ್ಕಾರಕ್ಕೆ ಇನ್ನೊಂದು ಉಪಾಯ ಹೊಳೆಯಿತು. ಊರೂರು ಸುತ್ತಿ ಬಂದೂಕು ಹುಡುಕುವುದು ಕಷ್ಟ, ತೋಟ ನಿಲ್ಲಿಸುವುದು ಸುಲಭ. ಅದರ ಅಳತೆ .450. ಆ ಅಳತೆಯ ಬಂದೂಕು, ತೋಟ ಎರಡನ್ನೂ ಭಾರತಕ್ಕೆ ತರಕೂಡದೆಂದು 1907ರ ಹೊತ್ತಿಗೆ ನಿಷೇಧ ಬಂತು. ಇದರಿಂದ ಪೇಚಿಗೆ ಸಿಕ್ಕಿದವರು ಲಂಡನ್ನಿನ ಬೇಟೆ ಕೋವಿ ತಯಾರಕರು. ಆನೆ, ಕಾಟಿ ಹೊಡೆಯುವ ದೊರೆಗಳಿಗಾಗಿ .465, .470, .475, .476 ಎಂದು ಕೂದಲೆಳೆಯಷ್ಟು ಬೇರೆಯಾದ ಹೊಸ ಅಳತೆಗಳನ್ನು ಅವರು ಹುಟ್ಟಿಸಬೇಕಾಯಿತು. ಬೇಟೆಯ ಪುಸ್ತಕಗಳಲ್ಲಿ ಓದುಗರನ್ನು ಗೊಂದಲಕ್ಕೆ ಕೆಡಹುವ ಈ ಸಂಖ್ಯೆಗಳ ಹಿಂದೆ ಇರುವುದು ಹುಲಿಯೂ ಅಲ್ಲ, ಆನೆಯೂ ಅಲ್ಲ. ಪೊಲೀಸು.

ಸೈನ್ಯದ ಹಳೆ ರೈಫಲ್ಲು ಕೊಳ್ಳುವವರು ಎಲ್ಲ ಕಾಲಕ್ಕೂ ಎಡವುವುದು ಇಲ್ಲೇ. ಮರ, ಕಬ್ಬಿಣ, ನಳಿಗೆಯ ಸವೆತ ಎಲ್ಲ ನೋಡುತ್ತಾರೆ. ಅದರ ಬಾಯಿಗೆ ಏನು ಹಾಕಬೇಕು, ಅದು ಯಾರ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೊನೆಗೆ ಕೇಳುತ್ತಾರೆ. ಬಂದೂಕನ್ನು ಒಂದು ಸಲ ಕೊಂಡರಾಯಿತು. ಗುಂಡನ್ನು ಬದುಕಿಡೀ ಕೊಳ್ಳುತ್ತಿರಬೇಕು.

ನಿಜಾಮನ ಸೇನೆಯೂ ಭಾರತದ ಸೇನೆಯ ಹಾಗೆ .303 ಲೀ-ಎನ್‌ಫೀಲ್ಡನ್ನೇ ನೆಚ್ಚಿತ್ತು. ಒಳ್ಳೆಯ ರೈಫಲ್ಲು, ಗಟ್ಟಿಮುಟ್ಟು, ಹತ್ತು ಗುಂಡು ಹಿಡಿಯುತ್ತದೆ. ಆದರೆ ರೈಫಲ್ಲು ತಯಾರಾಗುತ್ತಿದ್ದುದು ಬಂಗಾಳದ ಇಷಾಪುರದಲ್ಲಿ. ಗುಂಡು ಪುಣೆಯ ಪಕ್ಕದ ಖಡ್ಕಿಯಂಥ ಕಾರ್ಖಾನೆಗಳಲ್ಲಿ. ದೇಶ ಒಡೆದಾಗ ಇದ್ದ 16 ಶಸ್ತ್ರಾಸ್ತ್ರ ಕಾರ್ಖಾನೆಗಳೂ ಭಾರತದೊಳಗೇ ಉಳಿದವು. ಪಾಕಿಸ್ತಾನಕ್ಕೇ ಒಂದೂ ದಕ್ಕಲಿಲ್ಲ, ಇನ್ನು ಹೈದರಾಬಾದಿನ ಮಾತೇನು. 1947ರ ನವೆಂಬರ್ 29ರಂದು ಎರಡೂ ಕಡೆಯವರು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತ ಶಸ್ತ್ರ ಕೊಡುತ್ತಿಲ್ಲವೆಂದು ಹೈದರಾಬಾದು ಆಮೇಲೆ ದೂರುತ್ತಲೇ ಇತ್ತು. ಯಾರ ಮೇಲೆ ಹಿಡಿಯಬೇಕೋ ಅವರ ಹತ್ತಿರವೇ ಗುಂಡು ಕೇಳುವ ಸ್ಥಿತಿ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಒಂದು .303 ತೋಟದ ತೂಕ ಸುಮಾರು 25 ಗ್ರಾಂ. ಒಂದು ಲಕ್ಷ ತೋಟ ಎಂದರೆ ಪೆಟ್ಟಿಗೆ ಬಿಟ್ಟು ಎರಡೂವರೆ ಟನ್ನು. ಹೈದರಾಬಾದಿನ ಸುಮಾರು 24,000 ಸೈನಿಕರಲ್ಲಿ ಪೂರ್ತಿ ತರಬೇತಿ ಮತ್ತು ಸಲಕರಣೆ ಇದ್ದವರು 6,000 ಮಾತ್ರ. ಆ ಲಕ್ಷ ತೋಟವನ್ನು ಅವರಿಗಷ್ಟೇ ಹಂಚಿದರೂ ತಲೆಗೆ 16 ಅಥವಾ 17. ಪಳಗಿದ ಸಿಪಾಯಿ ಲೀ-ಎನ್‌ಫೀಲ್ಡಿನಲ್ಲಿ ನಿಮಿಷಕ್ಕೆ 15 ಗುಂಡು ಹಾರಿಸುತ್ತಾನೆ. ಎರಡೂವರೆ ಟನ್ನು ಹೊತ್ತು ತಂದದ್ದು ಒಂದು ನಿಮಿಷದ ಕಾದಾಟಕ್ಕಾಯಿತು.

ಹೊತ್ತು ತರಲು ಬಂದವನು ಸಿಡ್ನಿ ಕಾಟನ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1894ರಲ್ಲಿ ಹುಟ್ಟಿದ ವಿಮಾನ ಚಾಲಕ. ಮೊದಲ ಮಹಾಯುದ್ಧದಲ್ಲಿ ಚಾಲಕರಿಗೆ ಚಳಿ ತಡೆಯುವ ಸಿಡ್‌ಕಾಟ್ ಎಂಬ ಉಡುಪು ಕಂಡುಹಿಡಿದ. ಎರಡನೆಯದಕ್ಕೆ ಮುಂಚೆ ವ್ಯಾಪಾರಿಯ ವೇಷದಲ್ಲಿ ಜರ್ಮನಿಯ ಮೇಲೆ ಹಾರುತ್ತ ವಿಮಾನದ ಹೊಟ್ಟೆಯಲ್ಲಿ ಅಡಗಿಸಿದ ಕ್ಯಾಮೆರಾಗಳಿಂದ ಫೋಟೋ ತೆಗೆದು ಬ್ರಿಟಿಷ್ ಬೇಹುಗಾರಿಕೆಗೆ ಕೊಟ್ಟ. ಶಾಂತಿಯ ಕಾಲದಲ್ಲಿ ಇಂಥವರಿಗೆ ಕೈ ಸುಮ್ಮನಿರುವುದಿಲ್ಲ. 1948ರಲ್ಲಿ ಅವನು ಲ್ಯಾಂಕಾಸ್ಟ್ರಿಯನ್ ವಿಮಾನಗಳನ್ನು ಹೊಂದಿಸಿಕೊಂಡು ಕರಾಚಿಯಿಂದ ಹೈದರಾಬಾದು ಸಂಸ್ಥಾನಕ್ಕೆ ರಾತ್ರಿ ಹಾರಾಟ ಶುರುಮಾಡಿದ. ಇವು ಲ್ಯಾಂಕಾಸ್ಟರ್ ಬಾಂಬರನ್ನೇ ಪ್ರಯಾಣಿಕರಿಗೆ, ಟಪಾಲಿಗೆ ಒಗ್ಗಿಸಿ ಮಾಡಿದ ವಿಮಾನಗಳು. ಯುದ್ಧದ ಅಳಿದುಳಿದ ಮಾಲನ್ನು ಯುದ್ಧದ ವಿಮಾನದ ಮರುಜನ್ಮವೇ ಸಾಗಿಸಿತು. ಇಳಿಯುತ್ತಿದ್ದ ಜಾಗಗಳಲ್ಲಿ ವರಂಗಲ್ ಒಂದು, ನಮ್ಮ ಬೀದರ್ ಇನ್ನೊಂದು. ಮೇಲೆ ಹಾರುವ ಸದ್ದು ಕೇಳಿದ ಬೀದರಿನ ರೈತನಿಗೆ ಅದರೊಳಗೇನಿದೆ ಎಂದು ಹೇಳುವವರಿರಲಿಲ್ಲ. ಭಾರತ ಪ್ರತಿಭಟಿಸಿತು. ಕಾಟನ್‌ಗೆ ಬ್ರಿಟನ್ನಿನಲ್ಲಿ 200 ಪೌಂಡು ದಂಡ ಬಿತ್ತು. ಮಾಡಿದ ಕೆಲಸಕ್ಕೆ ಹೋಲಿಸಿದರೆ ಅದು ಸಂತೆಯ ಸುಂಕಕ್ಕಿಂತ ಹೆಚ್ಚಲ್ಲ.

ಅದೇ ವರ್ಷ ಇನ್ನೊಂದು ಕಡೆ ಇಂಥದೇ ಖರೀದಿ ನಡೆದಿತ್ತು. ಹುಟ್ಟುತ್ತಿದ್ದ ಇಸ್ರೇಲಿಗೂ ಶಸ್ತ್ರ ಬೇಕಿತ್ತು, ಅದರ ಮೇಲೂ ನಿರ್ಬಂಧವಿತ್ತು, ಅದೂ ರಾತ್ರಿ ವಿಮಾನಗಳನ್ನು ಹಾರಿಸಿತು. ಚೆಕೊಸ್ಲೊವಾಕಿಯಾದಿಂದ ಅದು ತಂದದ್ದು ಮೌಸರ್ ಮಾದರಿಯ ರೈಫಲ್ಲುಗಳನ್ನು, ಅವುಗಳ ಗುಂಡಿನ ಸಮೇತ. ಮಾರುವವನೇ ಗುಂಡೂ ಕೊಡುತ್ತಿದ್ದ, ಹಡಗು ಬರಲು ಸಮುದ್ರವೂ ಇತ್ತು. ಹೈದರಾಬಾದಿಗೆ ಸಮುದ್ರವಿಲ್ಲ. ನಾಲ್ಕೂ ದಿಕ್ಕಿಗೆ ಭಾರತ. ನಿಜಾಮನ ಕಡೆಯವರು ಪೋರ್ಚುಗೀಸರ ಗೋವಾದ ಮೇಲೆ ಕಣ್ಣಿಟ್ಟದ್ದು ಈ ಕಾರಣಕ್ಕೇ.

ಇತ್ತ ಕಾಸಿಲ್ಲದವರ ಬಂದೂಕಿನ ಕಥೆಯೇ ಬೇರೆ. ಸಂಸ್ಥಾನದ ಗಡಿಯಾಚೆ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ಕಟ್ಟಿ ನಿಜಾಮನ ಸುಂಕದ ನಾಕೆ, ಪೊಲೀಸ್ ಠಾಣೆಗಳ ಮೇಲೆ ಹುಡುಗರನ್ನು ಕಳಿಸುತ್ತಿದ್ದರು. ಇಂಥ ಶಿಬಿರಗಳಿಗೆ ಆರಿಸಿಕೊಳ್ಳುವ ಭಾಗ್ಯವೆಲ್ಲಿ? ಸಿಕ್ಕಿದ್ದೇ ಆಯುಧ. ಕೇಪಿನ ಕೋವಿ ಗುರಿಗೆ ಬಾರದಿರಬಹುದು, ಆದರೆ ಅದರ ಮದ್ದನ್ನು ಊರಲ್ಲೇ ಅರೆಯಬಹುದು, ಗುಂಡಿಲ್ಲದಿದ್ದರೆ ಸೀಸ ಕಾಯಿಸಿ ಎರೆಯಬಹುದು. ಠಾಣೆಯಿಂದ ಕಸಿದ ರೈಫಲ್ಲು ಜೊತೆಗೆ ಸಿಕ್ಕ ತೋಟ ಇರುವ ತನಕ ರೈಫಲ್ಲು, ಆಮೇಲೆ ದೊಣ್ಣೆ. ದುಡ್ಡಿಗಾಗಿ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು 1948ರ ಜನವರಿಯ ಕೊನೆಗೆ ನಾಂದೇಡದ ಉಮ್ರಿಯ ಬ್ಯಾಂಕನ್ನೇ ದೋಚಿದರು. ಖಾದಿ ತೊಟ್ಟವರು ಅಂಥ ಕೆಲಸಕ್ಕೆ ಇಳಿದರೆಂದರೆ ಹೊತ್ತು ಎಂಥದಿತ್ತೆಂದು ತಿಳಿಯಬೇಕು. ತೆಲಂಗಾಣದ ಹಳ್ಳಿಗಳಲ್ಲಿ ಕಮ್ಯುನಿಸ್ಟ್ ದಳಗಳು ಕವಣೆ, ದೊಣ್ಣೆಗಳಿಂದ ಶುರುಮಾಡಿ ಕಸಿದ ಬಂದೂಕುಗಳ ತನಕ ಬಂದಿದ್ದವು.

ಖಾಸಿಂ ರಜ್ವಿಯ ರಜಾಕಾರರು ಎರಡು ಲಕ್ಷ ಎನ್ನುತ್ತಾರೆ. ಅವರಲ್ಲಿ ಹೊಸ ಕಾಲದ ಬಂದೂಕು ಇದ್ದವರು ಕಾಲುಭಾಗವಷ್ಟೇ. ಉಳಿದವರ ಕೈಯಲ್ಲಿ ಮದ್ದು ತುಂಬುವ ಕೋವಿ, ಕತ್ತಿ. ನಿರಾಯುಧ ಹಳ್ಳಿಯೊಂದನ್ನು ಸುಡಲು ಅಷ್ಟೇ ಸಾಕು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದವರು ಇನ್ನೂ ಮರೆತಿಲ್ಲ. ಸೈನ್ಯದ ಎದುರು ನಿಲ್ಲುವ ಮಾತು ಬೇರೆ. ಸೆಪ್ಟೆಂಬರ್ 13ರಂದು ಭಾರತದ ಸೇನೆ ನಳದುರ್ಗದ ಕಡೆಯಿಂದ ಒಳನುಗ್ಗಿತು. 17ರ ಬೆಳಗಿನ ಜಾವ ಬೀದರ್ ಹೊಕ್ಕಿತು. ಅದೇ ಸಂಜೆ ಎಲ್ಲ ಮುಗಿಯಿತು. 18ರಂದು ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಗೆ ಶರಣಾದ. ಐದು ದಿನದ ಕಾದಾಟದಲ್ಲಿ ಕಾಟನ್ ತಂದ ಮಾಲಿನಿಂದ ಫಲಿತಾಂಶ ಒಂದು ದಿನವೂ ಅತ್ತಿತ್ತ ಆಗಲಿಲ್ಲ.

ಆದರೆ ಬಂದೂಕುಗಳು ಕೈ ಬದಲಾಯಿಸಿದವು, ಅದರ ಬೆಲೆ ತೆತ್ತವರು ಬೇರೆ. ರಜಾಕಾರರ ಲೆಕ್ಕವನ್ನು ಅವರ ಜೊತೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಮನೆಗಳ ಮೇಲೆ ತೀರಿಸಲಾಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ, ಬೀದರ್, ಗುಲ್ಬರ್ಗ. ಎರಡು ಕನ್ನಡದವು. ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಲಂಡನ್ನಿನ ಹಣಕ್ಕಾದರೂ ವಾರಸುದಾರರು ಕೋರ್ಟಿಗೆ ಹೋದರು.

ಇವತ್ತು ಹೈದರಾಬಾದಿನಲ್ಲಿ ಯಾರಾದರೂ ಸೈನ್ಯದ ಹಳೆ ರೈಫಲ್ಲೊಂದನ್ನು ಅಗ್ಗಕ್ಕೆ ಕೊಳ್ಳಹೊರಟರೆ ಅಂಥ ಅಂಗಡಿಯೇ ಸಿಗುವುದಿಲ್ಲ. ಅಮೆರಿಕದಲ್ಲಿ ಅದು ಸಾಮಾನ್ಯ ವ್ಯಾಪಾರ. 1963ರಲ್ಲಿ ಕೆನಡಿಯನ್ನು ಕೊಂದದ್ದು ಇಟಲಿಯ ಸೈನ್ಯದ ಹಳೆ ಕಾರ್ಕಾನೋ, ಅಂಚೆಯಲ್ಲಿ ದುರ್ಬೀನು ಸಮೇತ 19.95 ಡಾಲರಿಗೆ ತರಿಸಿಕೊಂಡದ್ದು. ಭಾರತದಲ್ಲಿ 1959ರ ಆಯುಧ ಕಾಯಿದೆಯ ಅಡಿ .303 ಜನಸಾಮಾನ್ಯರಿಗೆ ನಿಷಿದ್ಧ. ಕೊಡಗಿನವರಿಗೆ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಅದನ್ನು ಈಗ 2029ರವರೆಗೆ ಮುಂದುವರಿಸಿದ್ದಾರೆ. ಉಳಿದವರು ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಮುಗಿಸಿ, ಕಾರಣ ಒಪ್ಪಿಸಿ ಲೈಸೆನ್ಸ್ ಪಡೆಯಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು.

ಲೈಸೆನ್ಸ್ ಸಿಕ್ಕವರು ರೈಫಲ್ಲೇ ಬೇಕೆಂದರೆ ಬಹಳ ಕಾಲದಿಂದ ಕೊಳ್ಳುತ್ತ ಬಂದದ್ದು ಸರ್ಕಾರಿ ಕಾರ್ಖಾನೆಯ .315. ಕೈಗೆತ್ತಿಕೊಂಡು ಬೋಲ್ಟ್ ಎಳೆದರೆ ತಿಳಿದವರಿಗೆ ಗುರುತು ಹತ್ತುತ್ತದೆ: ಯಂತ್ರ ಹಳೆಯ ಲೀ-ಎನ್‌ಫೀಲ್ಡಿನದೇ. ನಳಿಗೆಯ ಅಳತೆ ಮಾತ್ರ ಬೇರೆ, ಸೈನ್ಯದ ತೋಟ ಅದಕ್ಕೆ ಹೊಂದುವುದಿಲ್ಲ.