ಲಿಲ್ಲಿ ಹೂವಿನ ದಾವೆ

13ನೇ ಶತಮಾನದ ನಡುವೆ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಸಂನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ತನ್ನ ಕಾಲದ ಚರಿತ್ರೆ ಬರೆಯುತ್ತ, ಪುಟದ ಅಂಚಿನಲ್ಲಿ ಬೆರಳುಗುರಿನಷ್ಟು ಗುರಾಣಿಗಳನ್ನು ಬಿಡಿಸಿ ಬಣ್ಣ ತುಂಬಿದ. ಅರಸನದೋ ಸರದಾರನದೋ ಮಾತು ಬಂದ ಕಡೆ ಹಲವು ಬಾರಿ ಅವನ ಮನೆತನದ ಲಾಂಛನ ಪಕ್ಕದಲ್ಲಿ ನಿಲ್ಲುತ್ತದೆ. ಅವನು ಸತ್ತ ಸುದ್ದಿ ಬರುವ ಕಡೆ ಅದೇ ಗುರಾಣಿ ತಲೆಕೆಳಗಾಗುತ್ತದೆ. ಬದುಕಿದ್ದಾನೋ ಇಲ್ಲವೋ ಎಂಬುದನ್ನು ಅಕ್ಷರಕ್ಕಿಂತ ಮೊದಲೇ ಲಾಂಛನ ಹೇಳಿಬಿಡುತ್ತದೆ. ಹಸ್ತಪ್ರತಿಗಳ ರಾಜಲಾಂಛನಗಳನ್ನು ಅಂದಕ್ಕೆ ಬಿಡಿಸಿದ ಚಿತ್ತಾರವೆಂದು ನೋಡುವುದು ಸಾಲದು. ಅವು ವಾದ ಹೂಡುತ್ತವೆ, ಹಕ್ಕು ಕೇಳುತ್ತವೆ.

ಇದಕ್ಕೆ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡನ ಗುರಾಣಿಗಿಂತ ಒಳ್ಳೆಯ ಸಾಕ್ಷಿ ಬೇಡ. 1328ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಚಾರ್ಲ್ಸ್ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಎಡ್ವರ್ಡ್ ಅವನ ತಂಗಿಯ ಮಗ. ಆದರೂ ಫ್ರೆಂಚ್ ಸರದಾರರು ಪಟ್ಟ ಕಟ್ಟಿದ್ದು ವಾಲ್ವಾ ಮನೆತನದ ಫಿಲಿಪ್‌ಗೆ. 1340ರಲ್ಲಿ ಎಡ್ವರ್ಡ್ ತಾನೇ ಫ್ರಾನ್ಸಿನ ರಾಜನೆಂದು ಸಾರಿ, ಗುರಾಣಿಯನ್ನು ನಾಲ್ಕು ಭಾಗ ಮಾಡಿದ. ಎರಡರಲ್ಲಿ ನೀಲಿ ನೆಲದ ಮೇಲೆ ಫ್ರಾನ್ಸಿನ ಚಿನ್ನದ ಲಿಲ್ಲಿಗಳು, ಎರಡರಲ್ಲಿ ಕೆಂಪು ನೆಲದ ಮೇಲೆ ಇಂಗ್ಲೆಂಡಿನ ಸಿಂಹಗಳು. ಗಮನಿಸಬೇಕಾದ್ದು ಮೊದಲ ಮನೆ: ಗೌರವದ ಆ ಜಾಗವನ್ನು ತನ್ನ ಸಿಂಹಕ್ಕೆ ಕೊಡದೆ ಲಿಲ್ಲಿಗೆ ಬಿಟ್ಟುಕೊಟ್ಟ. ಈ ವಾದ ಪೂರ್ತಿ ಅರಳಿದ್ದು ನೂರು ವರ್ಷದ ಮೇಲೆ. 1445ರ ಸುಮಾರಿಗೆ ಶ್ರೂಸ್‌ಬರಿಯ ಅರ್ಲ್ ಜಾನ್ ಟಾಲ್ಬಟ್, ಇಂಗ್ಲೆಂಡಿನ ದೊರೆ ಆರನೇ ಹೆನ್ರಿಯ ಕೈಹಿಡಿದ ಆಂಜೂವಿನ ಮಾರ್ಗರೆಟ್‌ಗೆ ರೂಆನ್ ನಗರದಲ್ಲಿ ಸಿದ್ಧವಾದ ದೊಡ್ಡ ಗ್ರಂಥವೊಂದನ್ನು ಉಡುಗೊರೆ ಕೊಟ್ಟ. ಅದರಲ್ಲೊಂದು ಪುಟದ ತುಂಬ ಒಂದೇ ಲಿಲ್ಲಿ. ತುದಿಯಲ್ಲಿ ಸಂತ ಲೂಯಿ. ಎಸಳುಗಳ ಮೇಲೆ ದುಂಡು ಚೌಕಟ್ಟುಗಳಲ್ಲಿ ರಾಜರು ತಲೆಮಾರು ತಲೆಮಾರಾಗಿ ಇಳಿದು ಬರುತ್ತಾರೆ. ಎರಡೂ ದೇಶಗಳ ವಂಶ ಕೆಳಗೆ ಹೆನ್ರಿಯಲ್ಲಿ ಬಂದು ಕೂಡುತ್ತದೆ. ಲಾಂಛನವೇ ಇಲ್ಲಿ ವಂಶವೃಕ್ಷ. ಫ್ರೆಂಚ್ ಮನೆತನದಿಂದ ಬಂದ ರಾಣಿಯ ಕಣ್ಣೆದುರು, ಅವಳ ಗಂಡ ಅವಳ ದೇಶಕ್ಕೂ ನ್ಯಾಯವಾದ ದೊರೆಯೆಂದು ಸಾಧಿಸುವ ಪುಟವಿದು.

ಲಾಂಛನವೆಂದರೆ ಪುಸ್ತಕ ಯಾರದೆಂದು ತಿಳಿಸುವ ಗುರುತಷ್ಟೇ ಅಲ್ಲವೇ, ಅದಕ್ಕೆ ಇಷ್ಟು ಅರ್ಥ ಹೊರಿಸುವುದೇಕೆ ಎಂದು ಕೇಳಬಹುದು. ಎಷ್ಟೋ ಗ್ರಂಥಗಳಲ್ಲಿ ಅದು ಒಡೆಯನ ಗುರುತು ಹೌದು. ಆದರೆ ಹಂಗೆರಿಯ ದೊರೆ ಮಥಿಯಾಸ್ ಕೊರ್ವಿನಸ್ 1490ರಲ್ಲಿ ತೀರಿಕೊಂಡ ಮೇಲೆ ಬುಡಾ ಅರಮನೆಯ ಅವನ ಕೆಲವು ಗ್ರಂಥಗಳಲ್ಲಿ ಅವನ ಲಾಂಛನದ ಮೇಲೆಯೇ ಮುಂದಿನ ದೊರೆ ವ್ಲಾದಿಸ್ಲಾಸನ ಲಾಂಛನ ಬಿಡಿಸಲಾಯಿತು. ಬರಿಯ ಗುರುತಾಗಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಕಿದ್ದರೆ ಸಾಕಿತ್ತು; ಹಳೆಯದನ್ನು ಮರೆಮಾಡುವ ಅಗತ್ಯವಿರಲಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಅರಮನೆಯ ಪೆಟ್ಟಿಗೆಯಲ್ಲಿದ್ದ ಗ್ರಂಥವನ್ನು ನೋಡುವವರೆಷ್ಟು ಜನ? ಕೆಲವರೇ. ಆದರೆ ಟಾಲ್ಬಟ್ ಗ್ರಂಥದ ವಂಶಾವಳಿಯಂಥದೇ ಚಿತ್ರವೊಂದು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ ತೂಗಿತ್ತು. ಒಂದು ವರ್ಷ ತುಂಬುವ ಮೊದಲೇ ದೊರೆಯಾದ ಹೆನ್ರಿಯ ಪರವಾಗಿ ಅದನ್ನು ಮಾಡಿಸಿದವನು ಅವನ ಚಿಕ್ಕಪ್ಪ, ಬೆಡ್‌ಫರ್ಡಿನ ಡ್ಯೂಕ್. ರೀಮ್ಸಿನ ಪಾದ್ರಿಯೊಬ್ಬ ಅದನ್ನು ಹಾಳುಗೆಡವಿ ಶಿಕ್ಷೆಗೆ ಗುರಿಯಾದ. ಬೀದಿಯಿಂದ ಬಂದವರು ನೋಡುವಂತಿದ್ದ ವಾದವೇ ಗ್ರಂಥದ ಪುಟಕ್ಕೂ ಇಳಿದಿತ್ತು.

1453ರಲ್ಲಿ ಕಾಸ್ತಿಯೋಂ ಕಾಳಗದಲ್ಲಿ ಟಾಲ್ಬಟ್ ಸತ್ತ. ಫ್ರಾನ್ಸಿನಲ್ಲಿ ಇಂಗ್ಲೆಂಡಿಗೆ ಉಳಿದದ್ದು ಹೆಚ್ಚುಕಡಿಮೆ ಕ್ಯಾಲೆ ಒಂದೇ. ಲಿಲ್ಲಿ ಮಾತ್ರ ಗುರಾಣಿ ಬಿಡಲಿಲ್ಲ. ಆಮೇಲಿನದು ಬರಿಯ ರೂಢಿ ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅದು ಗುರಾಣಿಯಿಂದ ಇಳಿದದ್ದು 1801ರಲ್ಲಿ, ಮೂರನೇ ಜಾರ್ಜ್ ‘ಫ್ರಾನ್ಸಿನ ರಾಜ’ ಎಂಬ ಬಿರುದನ್ನು ಕೈಬಿಟ್ಟ ದಿನವೇ.